ಒಳಗೆ ಹೋದ ಮೇಲೆ

ನಮ್ಮ ಮನೆಯಲ್ಲಿ ಐದು ಓಟು ಇವೆ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಎರಡು ಜೊತೆ ಎತ್ತು, ಒಂದು ಕರೆಯುವ ಎಮ್ಮೆ ಇದೆ ಎನ್ನುವಷ್ಟೇ ಸಹಜವಾಗಿ. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಒಟ್ಟು ಐದು. ಚುನಾವಣೆ ಬಂತೆಂದರೆ ಪಟ್ಟಿ ಹಿಡಿದ ಹುಡುಗರು ಜಗಲಿಗೆ ಬಂದು ಕೂರುತ್ತಿದ್ದರು. ನಮ್ಮ ಮನೆಯ ಸಾಲಿಗೆ ಬಂದಾಗ ಅವರು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಅಪ್ಪ ಖಾದಿ ಜುಬ್ಬದ ಹಳೆಯ ಕಾಂಗ್ರೆಸ್ಸಿಗರು. ಐದೂ ಹೆಸರಿನ ಮುಂದೆ ಗುರುತು ಬಿದ್ದುಬಿಡುತ್ತಿತ್ತು. ಅಮ್ಮ ಒಳಗಿನಿಂದ ಕಾಫಿ ತಂದಿಡುತ್ತಿದ್ದಳು. ಅವಳ ಹೆಸರಿನ ಮುಂದೆ ಗುರುತು ಹಾಕುತ್ತಿದ್ದಾಗ ಅವಳು ಅಲ್ಲೇ ಲೋಟ ಹಿಡಿದು ನಿಂತಿರುತ್ತಿದ್ದಳು. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಹಳ್ಳಿ ನಮ್ಮದು. ಅಲ್ಲಿ ಮಳೆಗಿಂತ ಮೋಡವೇ ಹೆಚ್ಚು. ಬೇಸಿಗೆಯಲ್ಲಿ ಊರ ಬಾವಿ ಬತ್ತಿದರೆ ಮೈಲಿ ದೂರದ ತೋಟದ ಬಾವಿಗೆ ಹೋಗಬೇಕಿತ್ತು. ಅಮ್ಮ, ಚಿಕ್ಕಮ್ಮ ಕತ್ತಲಿರುವಾಗಲೇ ಎದ್ದು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ತರುತ್ತಿದ್ದರು. ಗಂಡಸರು ರಾಜಕೀಯ ಮಾತಾಡಿ ಬಾಯಾರಿದಾಗ ಕುಡಿಯುತ್ತಿದ್ದದ್ದು ಆ ನೀರನ್ನೇ.

1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಅಂದು ನಮ್ಮ ಮನೆಯಲ್ಲಿ ರೇಡಿಯೋ ಆರಲಿಲ್ಲ, ಒಲೆ ಹತ್ತಲಿಲ್ಲ. ಚಿತೆಯ ಮುಂದೆ ನಿಂತ ಮಗನ ಚಿತ್ರ ಪತ್ರಿಕೆಯಲ್ಲಿ ಬಂದಾಗ ಅಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಡಿಸೆಂಬರ್ ಕೊನೆಯಲ್ಲಿ ಲೋಕಸಭೆಗೆ ಓಟು. ಅಮ್ಮ ಹಸ್ತಕ್ಕೇ ಹಾಕಿದಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಂದವಳೇ, "ಆ ತಾಯಿಗೆ ಅಷ್ಟಾದ್ರೂ ಮಾಡ್ಬೇಕಿತ್ತು" ಎಂದಿದ್ದಳು. ಅಪ್ಪನಿಗೆ ತೃಪ್ತಿಯಾಯಿತು. ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಬಂದವು. ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕೇ.

ಆಗ ರಾಜ್ಯದಲ್ಲಿ ಇದ್ದದ್ದು ಜನತಾ ಪಕ್ಷದ ಸರ್ಕಾರ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದರು. ಲೋಕಸಭೆಯಲ್ಲಿ ಇಷ್ಟು ಹೀನಾಯವಾಗಿ ಸೋತ ಮೇಲೆ ಅಧಿಕಾರದಲ್ಲಿ ಮುಂದುವರಿಯುವ ನೈತಿಕ ಹಕ್ಕಿಲ್ಲವೆಂದು ಅವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. 1985ರ ಮಾರ್ಚ್ ಮೊದಲ ವಾರ ವಿಧಾನಸಭೆಗೆ ಚುನಾವಣೆ. ಎರಡು ಓಟಿನ ನಡುವೆ ಹತ್ತು ವಾರದ ಅಂತರ.

ಆ ನಡುವಿನ ಮಾತಲ್ಲ, ಅದಕ್ಕೂ ಮುಂಚಿನ ಒಂದು ಸಂಗತಿ ಹೇಳಬೇಕು. ಹಿಂದಿನ ಬೇಸಿಗೆಯಲ್ಲಿ ನಮ್ಮೂರಿಗೆ ಬೋರು ಕೊರೆಯುವ ಲಾರಿ ಬಂದಿತ್ತು. ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದವರು ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಕೊಳವೆಬಾವಿ ಹಾಕಿಸಿ, ಜನರ ಬಾಯಲ್ಲಿ 'ನೀರ್‌ಸಾಬ್' ಆದವರು. ಲಾರಿ ರಾತ್ರಿಯಿಡೀ ಗುಡುಗಿತು. ಊರಿಗೆ ಊರೇ ಕಂಬಳಿ ಹೊದ್ದು ಸುತ್ತ ಕುಳಿತಿತ್ತು. ಮೊದಲು ಬಿಳಿ ಧೂಳು, ಆಮೇಲೆ ಕೆಸರು, ಆಮೇಲೆ ನೀರು. ವಾರದೊಳಗೆ ಕೈಪಂಪು ನಿಂತಿತು, ನಮ್ಮ ಮನೆಯಿಂದ ನಲವತ್ತು ಹೆಜ್ಜೆ ದೂರದಲ್ಲಿ. ಹೆಜ್ಜೆ ಎಣಿಸಿದವಳು ಅಮ್ಮ.

ಮಾರ್ಚ್‌ನಲ್ಲಿ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತ ಜಗಲಿಯಲ್ಲಿದ್ದೆ. ಅಪ್ಪ ಎಲ್ಲರನ್ನೂ ನಿಲ್ಲಿಸಿಕೊಂಡು, "ಹೋದ ಸಲ ಒತ್ತಿದಲ್ಲಿಗೇ" ಎಂದರು. ಅಮ್ಮ, "ಆಗ್ಲಿ" ಎಂದಳು. ಶಾಲೆಗೆ ಹೋಗಿ ಓಟು ಹಾಕಿ ಬಂದು, ಸೀರೆ ಬದಲಾಯಿಸಿ, ಕೊಡ ಎತ್ತಿಕೊಂಡಳು. ಮನೆಯಲ್ಲಿ ಹಂಡೆ ತುಂಬಿಯೇ ಇತ್ತು. ಆದರೂ ಚಿಕ್ಕಮ್ಮನನ್ನು ಕರೆದುಕೊಂಡು ಪಂಪಿನ ಹತ್ತಿರ ಹೋದಳು. ಒಬ್ಬರು ಹಿಡಿ ಒತ್ತುತ್ತ, ಒಬ್ಬರು ಕೊಡ ಹಿಡಿಯುತ್ತ, ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ನಾನು ಹೋಗಿ, "ಯಾರಿಗೆ ಹಾಕಿದ್ರಿ?" ಎಂದು ಕೇಳಿದೆ. "ನಿಂಗ್ಯಾಕೆ? ಓದ್ಕೊ ಹೋಗು" ಎಂದಳು ಅಮ್ಮ. ಚಿಕ್ಕಮ್ಮ ಮಾತ್ರ, "ನೀರಿನ ಋಣ ದೊಡ್ಡದು ಮಗಾ" ಎಂದು ಮುಖ ತಿರುಗಿಸಿದಳು.

ಫಲಿತಾಂಶ ಬಂದಾಗ 224 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ 139, ಕಾಂಗ್ರೆಸ್ಸಿಗೆ 65. ಡಿಸೆಂಬರ್‌ನಲ್ಲಿ ಹಸ್ತಕ್ಕೆ ಒತ್ತಿದ ಎಷ್ಟೋ ಕೈಗಳು ಮಾರ್ಚ್‌ನಲ್ಲಿ ನೇಗಿಲು ಹೊತ್ತ ರೈತನ ಗುರುತಿಗೆ ಒತ್ತಿದ್ದವು. ದೆಹಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು. ರಾಜ್ಯಶಾಸ್ತ್ರದ ಪಂಡಿತರು ಇದರ ಬಗ್ಗೆ ಬಹಳ ಬರೆದರು. ನನಗೆ ಕಂಡದ್ದು ಇಷ್ಟು: ಹೋಳಿಗೆಗೆ ಬೇಳೆ ತರುವ ಅಂಗಡಿಯಲ್ಲೇ ಬಟ್ಟೆಯನ್ನೂ ತರಬೇಕೆಂದು ಅಮ್ಮನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಊರು ಕೈ ಕೊಡ್ತು. ನಮ್ಮನೆ ಐದಂತೂ ಬಿದ್ದಿವೆ" ಎಂದು ಸಮಾಧಾನ ಮಾಡಿಕೊಂಡರು. ಅಮ್ಮ ಏನೂ ಹೇಳದೆ ಸಾರು ಬಡಿಸಿದಳು.

ಈಗ ನೆನೆದರೆ ಒಂದು ವಿಚಿತ್ರ ಕಾಣುತ್ತದೆ. ಅದೇ ವಾರ, 1985ರ ಮಾರ್ಚ್ 1ರಂದು, ಪಕ್ಷಾಂತರ ನಿಷೇಧದ ಕಾನೂನು ಜಾರಿಗೆ ಬಂತು. ಆರಿಸಿ ಬಂದವರು ಪಕ್ಷ ಬಿಟ್ಟು ಹಾರಬಾರದು ಎಂದು ದೇಶ ಕಟ್ಟು ಮಾಡಿತು. ಆದರೆ ಆ ಕಟ್ಟು ಆರಿಸುವವರಿಗೆ ಅಲ್ಲ. ಅಪ್ಪ ಇವೆರಡನ್ನೂ ಒಂದೇ ಎಂದು ತಿಳಿದಿದ್ದರು. ಅವರೊಬ್ಬರೇ ಅಲ್ಲ, ನಾವೂ ಬಹಳ ಜನ ಹಾಗೇ ತಿಳಿದಿದ್ದೇವೆ. ಮನೆಯ ಪಕ್ಷ ಬಿಟ್ಟು ಬೇರೆ ಕಡೆ ಒತ್ತಿದ ಹೆಂಗಸಿನ ಮನಸ್ಸಿನಲ್ಲಿ ಒಂದು ಅಳುಕು ಉಳಿಯುತ್ತದೆ, ತವರಿಗೆ ದ್ರೋಹ ಮಾಡಿದಂತೆ.

ಆ ಅಳುಕು ನನಗೂ ಗೊತ್ತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ ಜಾರಿಗೆ ಬಂತು. ಬಿ.ಎ. ಓದುತ್ತಿದ್ದ ಇಪ್ಪತ್ತರ ನನಗೂ ಅದೇ ವರ್ಷ ಓಟು ಬಂತು. ನವೆಂಬರ್‌ನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ಕೈಯಲ್ಲಿ ಎರಡು ಮತಪತ್ರ. "ನಮ್ಮ ಮನೆಯಲ್ಲಿ ಈಗ ಆರು" ಎಂದು ಅಪ್ಪ ಹೆಮ್ಮೆಯಿಂದ ಹೇಳಿ, ಎರಡನ್ನೂ ಎಲ್ಲಿ ಒತ್ತಬೇಕೆಂದು ಬೆರಳಿಟ್ಟು ತೋರಿಸಿಕೊಟ್ಟರು. ಹೊರಡುವ ಮುಂಚೆ ಅಮ್ಮ ನನ್ನ ಜಡೆಗೆ ಹೂ ಮುಡಿಸುತ್ತ ಮೆಲ್ಲಗೆ ಹೇಳಿದಳು: "ಒಳಗೆ ಹೋದ್ಮೇಲೆ ಅಪ್ಪ ಇರಲ್ಲ."

ಅಷ್ಟೇ ಮಾತು. ನಾನು ಎರಡರಲ್ಲಿ ಒಂದನ್ನು ಅಪ್ಪ ತೋರಿಸಿದಲ್ಲಿ ಒತ್ತಲಿಲ್ಲ. ಯಾವುದನ್ನು, ಯಾರಿಗೆ ಎಂದು ಇಲ್ಲಿಯೂ ಬರೆಯುವುದಿಲ್ಲ. ಶಾಯಿ ಇನ್ನೊಂದು ಚಿಹ್ನೆಗೆ ಅಂಟದಂತೆ ಕಾಗದ ಮಡಿಸುವಾಗ ಕೈ ನಡುಗಿತು. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ, "ಎರಡೂ ಸರಿಯಾಗಿ ಒತ್ತಿದೆ ತಾನೆ?" ಎಂದರು. "ಒತ್ತಿದೆ ಅಪ್ಪ" ಎಂದೆ. ಮಾತು ಸುಳ್ಳಲ್ಲ, ಅರ್ಥ ಸುಳ್ಳು. ಅಮ್ಮ ತಲೆ ಎತ್ತಲಿಲ್ಲ. ಆ ಸಲ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 178 ಸ್ಥಾನ ಬಂದು ಅಪ್ಪ ಊರಿಗೆಲ್ಲ ಸಕ್ಕರೆ ಹಂಚಿದರು. ನನಗೂ ಕೊಟ್ಟರು, ತಿಂದೆ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಆ ಸಕ್ಕರೆ ಇನ್ನೂ ಗಂಟಲಲ್ಲಿದೆ.

ಆಮೇಲೆ ಬಿ.ಇಡಿ. ಮುಗಿಸಿ ಮೇಷ್ಟ್ರ ಕೆಲಸಕ್ಕೆ ಸೇರಿದೆ. ಶಿಕ್ಷಕರಾದ ಮೇಲೆ ಚುನಾವಣೆ ಡ್ಯೂಟಿ ತಪ್ಪಿದ್ದಲ್ಲ. ಪೆಟ್ಟಿಗೆ, ಅರಗು, ಮೊಹರು, ಹಿಂದಿನ ರಾತ್ರಿ ಶಾಲೆಯ ಬೆಂಚಿನ ಮೇಲೆ ನಿದ್ದೆ, ಸೊಳ್ಳೆ, ಬೆಳಗಿನ ಜಾವದ ಅಣಕು ಮತದಾನ ಎಲ್ಲ ಅಭ್ಯಾಸವಾಯಿತು. 2013ರ ವಿಧಾನಸಭೆ ಚುನಾವಣೆಯಲ್ಲಿ ನಾನು ಒಂದು ಹಳ್ಳಿಯ ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಮಧ್ಯಾಹ್ನದ ಹೊತ್ತಿಗೆ ಗಂಡ ಹೆಂಡತಿ ಬಂದರು. "ಇವಳಿಗೆ ಕಣ್ಣು ಮಂಜು ಮೇಡಂ, ನಾನೇ ಜೊತೆಗೆ ಹೋಗಿ ಒತ್ತುತೀನಿ" ಎಂದರು ಆತ. ಕಣ್ಣು ಕಾಣದವರಿಗೆ, ಕೈಲಾಗದವರಿಗೆ ಒಬ್ಬರನ್ನು ಜೊತೆಗೆ ಕರೆದೊಯ್ಯುವ ಅವಕಾಶ ನಿಯಮದಲ್ಲಿದೆ. ಹಾಗೆ ಹೋದವರು ಗುಟ್ಟು ಕಾಪಾಡುತ್ತೇನೆಂದು ಬರೆದುಕೊಡಬೇಕು, ಒಂದು ದಿನದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಜೊತೆ ಹೋಗುವಂತಿಲ್ಲ. "ಅಮ್ಮಾ, ಕಾಣತ್ತಾ?" ಎಂದು ಆಕೆಯನ್ನೇ ಕೇಳಿದೆ. ಆಕೆ ಮಾತಾಡಲಿಲ್ಲ. ಮೇಜಿನ ಮೇಲಿದ್ದ ರಿಜಿಸ್ಟರಿನ ಕಡೆ ಬಾಗಿ, ಪೆನ್ನು ತೆಗೆದುಕೊಂಡು, ತನ್ನ ಕ್ರಮಸಂಖ್ಯೆಯ ಮುಂದಿನ ಇಕ್ಕಟ್ಟು ಮನೆಯಲ್ಲಿ, ಗೆರೆ ದಾಟದ ಹಾಗೆ, ಸಣ್ಣ ಅಕ್ಷರದಲ್ಲಿ ಹೆಸರು ಬರೆದರು. ಆಮೇಲೆ, "ಕಾಣತ್ತೆ ಮೇಡಂ" ಎಂದರು.

ಗಂಡನನ್ನು ಹೊರಗೆ ನಿಲ್ಲಲು ಹೇಳಿದೆ. ಏಜೆಂಟರು ಗೊಣಗಿದರು. ಆಕೆ ಒಬ್ಬರೇ ರಟ್ಟಿನ ಮರೆಯ ಹಿಂದೆ ಹೋದರು, ಬೀಪ್ ಶಬ್ದ ಬಂತು, ಹೊರಗೆ ಬಂದರು. ಗಂಡ ಬಿರಬಿರನೆ ಮುಂದೆ ನಡೆದರು, ಆಕೆ ಹಿಂದೆ. ನಿಯಮದಂತೆ ನಡೆದುಕೊಂಡೆ ಎಂಬ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಆ ಮನೆಯಲ್ಲಿ ಅಂದು ರಾತ್ರಿ ಏನಾಯಿತೋ ಎಂಬ ಯೋಚನೆ ಇವತ್ತಿಗೂ ಬರುತ್ತದೆ. ರಟ್ಟಿನ ಮರೆಯೊಳಗೆ ಆಕೆಯನ್ನು ಕಾಯುವುದು ನನ್ನ ಕೈಲಿತ್ತು, ಮನೆಯ ಬಾಗಿಲೊಳಗೆ ಇರಲಿಲ್ಲ.

2018ರಲ್ಲಿ ವಿವಿಪ್ಯಾಟ್ ಬಂದಾಗ ಇನ್ನೊಂದು ಭಯ ಹುಟ್ಟಿತು. "ಚೀಟೀಲಿ ನಮ್ಮ ಹೆಸರು ಬರತ್ತಂತೆ, ಹೌದಾ?" ಎಂದು ಎಷ್ಟು ಹೆಂಗಸರು ಕೇಳಿದರೋ! ಇಲ್ಲ. ಅದರಲ್ಲಿ ಬರುವುದು ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಮಾತ್ರ. ಗಾಜಿನ ಹಿಂದೆ ಏಳು ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುತ್ತದೆ. ಇನ್ನು ಕೆಲವರದು ಆಣೆಯ ಕಷ್ಟ. ಕುಕ್ಕರೋ ಸೀರೆಯೋ ಕೊಟ್ಟು, ಅರಿಶಿನ ಕುಂಕುಮದ ತಟ್ಟೆ ಮುಟ್ಟಿಸಿ ಮಾತು ತೆಗೆದುಕೊಂಡಿರುತ್ತಾರೆ. "ಬೇರೆ ಕಡೆ ಒತ್ತಿದ್ರೆ ಮಕ್ಕಳಿಗೆ ಏನಾದ್ರೂ ಆದೀತಾ ಟೀಚರ್?" ಎಂದು ನಮ್ಮ ಬೀದಿಯ ಒಬ್ಬರು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ್ದರು. ದೇವರ ಕೋಪದ ಭಯ ಹುಟ್ಟಿಸಿ ಓಟು ಕೇಳುವುದನ್ನು ಕಾನೂನು ಭ್ರಷ್ಟ ಆಚರಣೆ ಎನ್ನುತ್ತದೆ ಎಂದು ಹೇಳಿದೆ. ಓಟಿಗಾಗಿ ವಸ್ತು ತೆಗೆದುಕೊಳ್ಳುವುದೂ ತಪ್ಪೇ ಎಂದೂ ಹೇಳಿದೆ. ಆ ಎರಡನೆಯ ಮಾತು ಅವರಿಗೆ ರುಚಿಸಲಿಲ್ಲ.

ಕಾನೂನಿನಲ್ಲಿ ನನಗೆ ಬಹಳ ಇಷ್ಟವಾದದ್ದು ಬೇರೊಂದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಂ. ಮತ ಹಾಕಿದವರು ತಾವು ಯಾರಿಗೆ ಹಾಕಿದೆವೆಂದು ಹೇಳಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ಸಾಕ್ಷಿಯ ಕಟ್ಟೆಯಲ್ಲಿ ನಿಂತಾಗ ಕೂಡ. ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕಬೇಕೆಂದು 2003ರಲ್ಲಿ ತಿದ್ದುಪಡಿಯಾಯಿತು. ನಮಗೆ ಆ ಪಾಡಿಲ್ಲ. ಡಬ್ಬಿಯೊಳಗಿನ ಸಾಸಿವೆಕಾಳಿನಡಿ ಬಚ್ಚಿಟ್ಟ ಹಣ ಗಂಡನ ಕಣ್ಣಿಗೆ ಬಿದ್ದರೂ ಬೀಳಬಹುದು, ಈ ಗುಟ್ಟು ಬೀಳುವುದಿಲ್ಲ.

ಆದರೆ ಒಬ್ಬೊಬ್ಬರ ಗುಟ್ಟು ಉಳಿದರೂ ಬೀದಿಯ ಗುಟ್ಟು ಉಳಿಯುತ್ತಿಲ್ಲ. ಮತಪತ್ರವಿದ್ದಾಗ ಅಗತ್ಯ ಕಂಡ ಕಡೆ ಬೇರೆ ಬೇರೆ ಬೂತುಗಳ ಚೀಟಿಗಳನ್ನು ಕಲೆಸಿ ಎಣಿಸಲು ನಿಯಮವಿತ್ತು. ಯಂತ್ರ ಬಂದ ಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬುದು ಎಣಿಕೆಯ ದಿನವೇ ತಿಳಿದುಹೋಗುತ್ತದೆ. ಹಲವು ಯಂತ್ರಗಳ ಲೆಕ್ಕವನ್ನು ಒಟ್ಟು ಮಾಡಿ ಹೇಳುವ 'ಟೋಟಲೈಸರ್' ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತು, ಕಾನೂನು ಆಯೋಗವೂ 2015ರ ವರದಿಯಲ್ಲಿ ಅದನ್ನು ಬೆಂಬಲಿಸಿತು. ಬಳಕೆಗೆ ಬಂದಿಲ್ಲ. "ನಿಮ್ಮ ಬೀದೀಲಿ ನಮಗೆ ಬಿದ್ದದ್ದು ಇಷ್ಟೇ ಅಲ್ವಾ? ನೋಡ್ಕೋತೀವಿ" ಎಂದು ಗೆದ್ದವರ ಕಡೆಯವರು ನಮ್ಮ ಬೀದಿಗೇ ಬಂದು ಹೇಳಿಹೋದದ್ದನ್ನು ನಾನೇ ಕೇಳಿದ್ದೇನೆ. ಅಂದು ಬಾಗಿಲಲ್ಲಿ ನಿಂತಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾತು ಚರಂಡಿಯದು, ಕೊಳಾಯಿ ನೀರಿನದು. ಅಮ್ಮ ಪಂಪಿನ ಋಣಕ್ಕೆ ಒತ್ತಿದಳು. ಇವರು ನೀರನ್ನೇ ಹಿಡಿದು ಹೆದರಿಸುತ್ತಿದ್ದರು.

ಇಷ್ಟಾದರೂ ಜನ ಹೆದರಿಲ್ಲವೆಂದು ಲೆಕ್ಕ ಹೇಳುತ್ತದೆ. 2013ರಲ್ಲಿ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 122 ಸ್ಥಾನ ಕೊಟ್ಟ ಕರ್ನಾಟಕವೇ ಮರುವರ್ಷ ಲೋಕಸಭೆಯಲ್ಲಿ ಬಿಜೆಪಿಗೆ 17 ಕೊಟ್ಟಿತು. 2023ರಲ್ಲಿ ಕಾಂಗ್ರೆಸ್ಸಿಗೆ 135, 2024ರಲ್ಲಿ ಮತ್ತೆ ಬಿಜೆಪಿಗೆ 17. ಮೈತ್ರಿ, ಜಾತಿ, ಹಣ, ಎಲ್ಲದರ ಪಾಲೂ ಇದರಲ್ಲಿದೆ. ಆದರೂ ಈ ಅಂಕಿಗಳನ್ನು ಪತ್ರಿಕೆಯಲ್ಲಿ ಓದುವಾಗೆಲ್ಲ, ತುಂಬಿದ ಹಂಡೆ ಮನೆಯಲ್ಲಿಟ್ಟು ಕೊಡ ಹಿಡಿದು ಹೋದ ಇಬ್ಬರು ಹೆಂಗಸರು ಕಣ್ಣ ಮುಂದೆ ಬರುತ್ತಾರೆ.

ಅಪ್ಪನಿಗೆ ನಾನು ಸುಳ್ಳು ಹೇಳಿದೆನಲ್ಲ ಎಂಬ ಕೊರಗನ್ನು ಒಮ್ಮೆ ಅಮ್ಮನ ಹತ್ತಿರ ತೋಡಿಕೊಂಡಿದ್ದೆ. ಅವಳಿಗಾಗ ಎಪ್ಪತ್ತು ದಾಟಿತ್ತು. "ಅವ್ರು ಕೇಳ್ಬಾರದಿತ್ತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಒಳ್ಳೇ ಮನುಷ್ಯ. ಕೇಳೋದು ತಪ್ಪು ಅಂತ ಅವ್ರಿಗೆ ಯಾರೂ ಹೇಳಿರಲಿಲ್ಲ" ಎಂದು ಸೇರಿಸಿದಳು. ತಾನು 1985ರಲ್ಲಿ ಎಲ್ಲಿ ಒತ್ತಿದೆನೆಂದು ಮಾತ್ರ ಆಗಲೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

2024ರಲ್ಲಿ ನಮ್ಮ ಮನೆಯ ಮೂವರೂ, ನಮ್ಮನೆಯವರು, ನಾನು, ಮಗಳು, ಬೆರಳಿಗೆ ಮೈಸೂರಿನ ಶಾಯಿ ಹಚ್ಚಿಸಿಕೊಂಡು ಬಂದೆವು. ಊಟದ ಹೊತ್ತಿಗೆ ನಮ್ಮನೆಯವರು ಮಗಳನ್ನು, "ಯಾರಿಗಮ್ಮ ಹಾಕಿದೆ?" ಎಂದು ಕೇಳಿಯೇಬಿಟ್ಟರು. ಅವಳು ನನ್ನ ಮುಖ ನೋಡಿದಳು. "ಅದನ್ನ ಕೇಳಬಾರದೂರಿ" ಎಂದೆ. ಮೂವತ್ತೈದು ವರ್ಷದ ಹಿಂದೆ ಅಮ್ಮ ಹೇಳಲಾಗದೆ ಉಳಿಸಿಕೊಂಡ ಮಾತು. ಅವರಿಗೆ ಸ್ವಲ್ಪ ಬೇಸರವಾಯಿತು. ಆದರೆ ಮತ್ತೆ ಕೇಳಲಿಲ್ಲ. ಮಗಳು ಸುಳ್ಳು ಹೇಳುವ ಪ್ರಮೇಯ ಬರಲಿಲ್ಲ.