ಯಂತ್ರವು ಕೂಗಿದಾಗ

ಆಷಾಢದ ಒಂದು ಮುಂಜಾವು. ಐದು ನದಿಗಳು ಕೂಡಿ ಕಡಲನ್ನು ಸೇರುವ ಗಂಗೊಳ್ಳಿಯ ಅಳಿವೆ. ಜೂನ್, ಜುಲೈ ತಿಂಗಳುಗಳಲ್ಲಿ ದೊಡ್ಡ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. 10 ಅಶ್ವಶಕ್ತಿಯವರೆಗಿನ ಔಟ್‌ಬೋರ್ಡ್ ಯಂತ್ರವನ್ನು ಹಿಂಬದಿಗೆ ಬಿಗಿದ ನಾಡದೋಣಿಗಳಿಗೆ ಮಾತ್ರ ಅವಕಾಶ. ಅಂಥದೊಂದು ದೋಣಿಯಲ್ಲಿ ತಂದೆ, ಮಗ.

ತೆರೆಗಳು ಒಡೆಯುವ ಜಾಗವು ಸಮೀಪಿಸುತ್ತಿದ್ದಂತೆಯೇ ಯಂತ್ರವು ಕೀಂ ಎಂದು ಕೂಗತೊಡಗಿತು.

“ಅಪ್ಪಯ್ಯ, ಈ ಹಾಳು ಕೂಗಿನ ತಂತಿಯನ್ನೇ ಕಿತ್ತುಬಿಡಲೇ?”

“ಮೊದಲು ಲಂಗರು ಇಳಿಸು, ಮಗ. ಆಮೇಲೆ ನೀರು ನೋಡುವ.”

ಯಂತ್ರವು ಓಡುವಾಗ ಅದರ ಪಕ್ಕದಿಂದ ಸಣ್ಣ ನೀರಿನ ಧಾರೆಯೊಂದು ಚಿಮ್ಮುತ್ತಿರಬೇಕು. ಹೊರಗಿನ ನೀರು ಒಳಹೊಕ್ಕು ಯಂತ್ರವನ್ನು ತಣಿಸುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಅಂದು ಧಾರೆ ಬತ್ತಿತ್ತು. ಯಂತ್ರವನ್ನು ನಿಲ್ಲಿಸಿ ಮೇಲೆತ್ತಿದರೆ, ನೀರು ಹೀರುವ ಕಿಂಡಿಗೆ ಪ್ಲಾಸ್ಟಿಕ್ ಚೀಲವೊಂದು ಅಂಟಿಕೊಂಡಿತ್ತು. ಯಾವುದೋ ಪೇಟೆಯವರು ಹೊಳೆಯ ಕೈಯಲ್ಲಿ ಕಳುಹಿಸಿದ ಉಡುಗೊರೆ! ಅದನ್ನು ಬಿಡಿಸಿ, ಯಂತ್ರವನ್ನು ತಣಿಯಲು ಬಿಟ್ಟು, ಮತ್ತೆ ಚಾಲೂ ಮಾಡಿದಾಗ ಧಾರೆ ಚಿಮ್ಮಿತು, ಕೂಗು ನಿಂತಿತು.

ಚೀಲವಿರದಿದ್ದರೆ? ನೀರೆತ್ತುವ ಪಂಪಿನ ರಬ್ಬರು ಚಕ್ರವು ಸವೆದಿರಬಹುದು. ಧಾರೆ ಸರಿಯಿದ್ದೂ ಕೂಗಿದರೆ ಎಣ್ಣೆಯ ಮಟ್ಟವನ್ನು ನೋಡಬೇಕು. ಎಲ್ಲವೂ ಸರಿಯಿದ್ದರೆ ಮಾತ್ರ, ಕಟ್ಟಕಡೆಗೆ, ತಂತಿಯ ಮೇಲೆ ಸಂಶಯ.

ಅಳುವ ಮಗುವಿನ ಬಾಯಿ ಮುಚ್ಚಿ ಸುಮ್ಮನಾಗುವ ತಾಯಿಯುಂಟೇ? ನೋವು ಎಲ್ಲಿದೆಯೆಂದು ಮೈಯೆಲ್ಲ ತಡವಿ ನೋಡುವವಳು ಅವಳು. ಕಡಲಿನ ನಡುವೆ ಯಂತ್ರವು ಬೇಡುವುದೂ ಅಷ್ಟು ಕರುಣೆಯನ್ನೇ.