ಮೆಣಸು ಉದುರಿಸಿದ ಇಡ್ಲಿ

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನಮ್ಮ ಎದುರು ಮನೆಯಲ್ಲೊಬ್ಬ ಗುಜರಾತಿ ಅಜ್ಜಿ ಇದ್ದಾರೆ, ಎಲ್ಲರಿಗೂ 'ಬಾ'. ನನ್ನ ಇಡ್ಲಿ ನೋಡಿ, "ಬೇಟಾ, ಇದು ಗುಂಡಗಿರೋ ಇದಡಾ ತಾನೇ?" ಅಂದುಬಿಟ್ಟರು. ಇದಡಾ ಅಂದರೆ ಅಕ್ಕಿ, ಉದ್ದು ಅರೆದು ಹುಳಿಬರಿಸಿ, ಥಾಳಿಯಲ್ಲಿ ಹಬೆಗಿಟ್ಟು, ಹೋಳು ಹೋಳಾಗಿ ಕೊಯ್ಯುವ ಬಿಳಿ ಢೋಕಳಾ. ಬಾ ಮೇಲೆ ಸಿಟ್ಟು ಮಾಡುವುದುಂಟೇ? ಆದರೂ ಆ ಮಾತು ಹಲ್ಲುಸಂದಿಯ ಕಡಲೆಸಿಪ್ಪೆಯ ಹಾಗೆ ಉಳಿದುಕೊಂಡಿತು. ಇಡ್ಲಿ ನಮ್ಮದು. ಸುಮಾರು 920ರ 'ವಡ್ಡಾರಾಧನೆ'ಯಲ್ಲೇ ಇಡ್ಡಲಿಗೆ ಬರುತ್ತದೆ.

ಆದರೆ ಹಳೆಯ ಪುಸ್ತಕ ಹಿಡಿದು ಜಗಳಕ್ಕೆ ಹೊರಟರೆ ಪುಸ್ತಕವೇ ಬಾ ಕಡೆ ವಾಲುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ'ದ ಇಡ್ಡಲಿಗೆಗೆ ಅಕ್ಕಿಯೇ ಇಲ್ಲ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ಅರೆದು, ಮೊಸರಿನ ತಿಳಿ ಬೆರೆಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕಬೇಕು. ಶತಮಾನದ ಬಳಿಕ ಕಲ್ಯಾಣದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೂ ಉದ್ದು, ಮೆಣಸು. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ ಇವನ್ನೆಲ್ಲ ಓದಿ, ಅಕ್ಕಿ, ರಾತ್ರಿಯಿಡೀ ಹುಳಿಬರಿಸುವುದು, ಹಬೆ ಮೂರೂ ಆಮೇಲೆ ಸೇರಿದವು ಎಂದರು. ಇಂಡೋನೇಷ್ಯಾದಿಂದ ಬಂದಿರಬಹುದೆಂದೂ ಊಹಿಸಿದರು. ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯುವುದನ್ನು ನೋಡುತ್ತ ಬೆಳೆದ ನನಗೆ ಆ ಊಹೆ ರುಚಿಸುವುದಿಲ್ಲ.

ಬಾ ಹಿಟ್ಟಿಗೆ ಹುಳಿ ಮೊಸರು ಬೆರೆಸುತ್ತಾರೆ. ಥಾಳಿಗೆ ಸುರಿದ ಮೇಲೆ, ತರಿತರಿಯಾಗಿ ಕುಟ್ಟಿದ ಕರಿಮೆಣಸನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ಅಂಚಿನಿಂದ ನಡುವಿಗೆ ಸುತ್ತುತ್ತ ಉದುರಿಸುತ್ತಾರೆ. ಮುಚ್ಚಳ ತೆಗೆದರೆ ಮೊದಲು ಮೆಣಸಿನ ಘಾಟು, ಹಿಂದೆಯೇ ಹುಳಿ. ಚಾವುಂಡರಾಯನ ಮೊಸರು, ಮೆಣಸು ಎರಡೂ ಅಲ್ಲಿವೆ. ನಮ್ಮ ಬಿಳಿ ಇಡ್ಲಿ ಎರಡನ್ನೂ ಬಿಟ್ಟು, ರುಚಿಯ ಹೊಣೆಯನ್ನು ಚಟ್ನಿಗೆ ವಹಿಸಿ ಕೂತಿದೆ.

ಉಬ್ಬುವ ವಿಷಯದಲ್ಲಿ ಮಾತ್ರ ನಾನು ಸೋಲುವುದಿಲ್ಲ. ಉದ್ದಿನ ಜೊತೆಗೇ ಬರುವ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳಿಂದ ಹುಳಿಯೇ ಹೆಚ್ಚು, ಗುಳ್ಳೆ ಕಡಿಮೆ. ಅವಸರದ ಇದಡಾಗೆ ಸೋಡಾ ಬೇಕಾಗುವುದು ಅದಕ್ಕೇ. ನನ್ನ ಹಿಟ್ಟಿಗೆ ಬೇಕಾದದ್ದು ಬೆಚ್ಚನೆಯ ರಾತ್ರಿ ಮಾತ್ರ. ಅಹಮದಾಬಾದಿನ ಜನವರಿಯಲ್ಲಿ ಬೆಳಗಾದರೂ ಏಳದ ಹಿಟ್ಟು, ಮೇ ತಿಂಗಳಲ್ಲಿ ನಿದ್ದೆ ಮುಗಿಯುವ ಮೊದಲೇ ಪಾತ್ರೆ ದಾಟಿರುತ್ತದೆ. 2016ರ ಮೇನಲ್ಲಿ 48 ಡಿಗ್ರಿ ಮುಟ್ಟಿದ ಊರಿದು.

ಅದೇ ಸೆಕೆಯಲ್ಲಿ ಇಲ್ಲಿನವರು ಇದಡಾವನ್ನು ತಣ್ಣನೆಯ ಮಾವಿನ ರಸದೊಂದಿಗೆ ತಿನ್ನುತ್ತಾರೆ. ಮೆಣಸು, ಹುಳಿ, ಸಿಹಿ ಒಂದೇ ತುತ್ತಿನಲ್ಲಿ. ಸೀಕರಣೆ ಮಾಡಲು ಬಲ್ಲ ನಾವು ಅದನ್ನು ಇಡ್ಲಿಯ ಪಕ್ಕಕ್ಕೆ ಯಾಕೆ ಬಡಿಸಲಿಲ್ಲ?