ಎಂಟು ಬಿಲ್ಲೆ, ಒಂದು ಹುಳು

ಬಿಲ್ಲೆಯ ಮೇಲಿನ ಮೋಹ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಕಚೇರಿಯ ದಫೇದಾರನ ಎದೆಯ ಪಟ್ಟಿಯ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆ ಬಿಲ್ಲೆಯನ್ನು ಕಂಡು ಹಳ್ಳಿಯ ಕಟ್ಟೆಯೇ ಎದ್ದು ನಿಲ್ಲುತ್ತಿದ್ದ ಕಾಲವೊಂದಿತ್ತು. ಸ್ಕೌಟ್ ಹುಡುಗರು ತೋಳಿಗೆ ಹೊಲಿಸಿಕೊಳ್ಳುವ ಬಿಲ್ಲೆ, ಎನ್.ಸಿ.ಸಿ. ಹುಡುಗರ ಭುಜದ ಪಟ್ಟಿ, ತರಗತಿಯ ಮಾನಿಟರ್ ಅಂಗಿಗೆ ಚುಚ್ಚಿಕೊಳ್ಳುವ ಬ್ಯಾಡ್ಜು, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಈ ಬಳ್ಳಿಗೆ ಇತ್ತೀಚಿನ ದಶಕಗಳಲ್ಲಿ ಇನ್ನೊಂದು ಕಾಯಿ ಬಿಟ್ಟಿದೆ. ಅದು ಕೈಗೆ ಸಿಗುವುದಿಲ್ಲ, ಅಂಗಿಗೆ ಚುಚ್ಚಲು ಬರುವುದಿಲ್ಲ. ಪರದೆಯ ಮೇಲೆ ಮಾತ್ರ ಮಿನುಗುವ ಆ ಬಿಲ್ಲೆಗಾಗಿ ಮಕ್ಕಳು ಊಟ ಬಿಟ್ಟು ಕೂಡುತ್ತಾರೆ. ‘ಮಾರಿದರೆ ನಾಲ್ಕಾಣೆ ಬರುತ್ತದೆಯೇ?’ ಎಂದು ತಂದೆತಾಯಿಗಳು ಸಿಟ್ಟಾಗುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಹೇಳುವ ಮೊದಲು ಆ ಬಿಲ್ಲೆ ಏನೆಂಬುದನ್ನು ತಿಳಿಯಬೇಕಾಗುತ್ತದೆ.

ಮಾತು ಪೋಕೆಮಾನ್ ಎಂಬ ಆಟದ್ದು. 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್ ಎಂಬ ಅಂಗೈ ಯಂತ್ರಕ್ಕಾಗಿ ಈ ಆಟ ಮೊದಲು ಹೊರಬಂತು. ಅದನ್ನು ಕಲ್ಪಿಸಿದವರು ಸತೋಶಿ ತಾಜಿರಿ. ಟೋಕಿಯೊ ನಗರದ ಅಂಚಿನ ಮಾಚಿದಾದಲ್ಲಿ ಬೆಳೆದ ಅವರಿಗೆ ಬಾಲ್ಯದಲ್ಲಿ ಹುಳುಗಳನ್ನು ಹಿಡಿಯುವ ಹುಚ್ಚಿತ್ತು. ಬರಬರುತ್ತ ಅಲ್ಲಿನ ಹೊಲ, ಹೊಂಡ, ಮರಗಳ ಜಾಗದಲ್ಲಿ ಕಟ್ಟಡಗಳು ಎದ್ದವು. ಹುಳು ಹಿಡಿಯುವ ಸಂತೋಷವನ್ನು ಮುಂದಿನ ಮಕ್ಕಳಿಗೂ ಹೇಗಾದರೂ ದಾಟಿಸಬೇಕೆಂಬ ಬಯಕೆಯಿಂದ ಈ ಆಟ ಹುಟ್ಟಿತು. ಮೊದಲ ಆಟದಲ್ಲಿದ್ದದ್ದು 151 ವಿಚಿತ್ರ ಪ್ರಾಣಿಗಳು. ಆಡುವವನು ಅವುಗಳನ್ನು ಕಾಡಿನಲ್ಲಿ ಹಿಡಿದು, ಸಾಕಿ, ಪಳಗಿಸಿ, ಊರೂರಿಗೆ ಕರೆದೊಯ್ದು ಸ್ಪರ್ಧೆಗೆ ಇಳಿಸಬೇಕು.

ಊರೂರಲ್ಲಿ ಅವನಿಗೆ ಎದುರಾಗುವುದು ‘ಜಿಮ್’. ಈ ಮಾತು ಕೇಳಿ ಬೀದರ ಜಿಲ್ಲೆಯ ಹಿರಿಯರು ಗಾಬರಿಯಾಗಬೇಕಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿರುವ ತಾಲೀಮೇ. ಅಲ್ಲೊಬ್ಬ ಉಸ್ತಾದ ಇರುತ್ತಾನೆ. ಅವನ ಶಿಷ್ಯರನ್ನು ಸೋಲಿಸಿ, ಕೊನೆಗೆ ಅವನನ್ನೂ ಸೋಲಿಸಿದರೆ ಒಂದು ಬಿಲ್ಲೆ ದೊರೆಯುತ್ತದೆ. ಶಿವರಾತ್ರಿಯ ಹೊತ್ತಿಗೆ ನಡೆಯುವ ಔರಾದದ ಅಮರೇಶ್ವರ ಜಾತ್ರೆಯಲ್ಲಿ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಜಾತ್ರೆಯಿಂದ ಜಾತ್ರೆಗೆ ಹೋಗಿ ಬೆಳ್ಳಿ ಕಡಗ ಗೆಲ್ಲುವ ಪೈಲವಾನನಿಗೂ ಆಟದ ಈ ಹುಡುಗನಿಗೂ ಹೆಚ್ಚಿನ ಅಂತರವಿಲ್ಲ. ಮೊದಲ ಆಟದಲ್ಲಿ ತಾಲೀಮುಗಳು ಎಂಟು, ಬಿಲ್ಲೆಗಳೂ ಎಂಟು: ಬಂಡೆ, ಜಲಪಾತ, ಸಿಡಿಲು, ಕಾಮನಬಿಲ್ಲು, ಆತ್ಮ, ಜೌಗು, ಜ್ವಾಲಾಮುಖಿ, ಭೂಮಿ. ಎಂಟೂ ಇಲ್ಲದವನನ್ನು ಕೊನೆಯ ಪಂದ್ಯದ ದಾರಿಯಲ್ಲಿ ಕಾವಲುಗಾರರು ತಡೆದು ಹಿಂದಕ್ಕೆ ಕಳಿಸುತ್ತಾರೆ.

ಯಂತ್ರದ ಹೊಟ್ಟೆಯಲ್ಲಿ ಈ ಬಿಲ್ಲೆಯ ರೂಪವೇನು? ಕಂಪ್ಯೂಟರಿನ ನೆನಪಿನ ಅತಿ ಚಿಕ್ಕ ಕಣಕ್ಕೆ ಬಿಟ್ ಎನ್ನುತ್ತಾರೆ. ಅದು ಸೊನ್ನೆಯಾಗಿರಬಹುದು ಇಲ್ಲವೇ ಒಂದಾಗಿರಬಹುದು, ಮನೆಯ ಗುಂಡಿಯಂತೆ ಆರಿರಬಹುದು ಇಲ್ಲವೇ ಹೊತ್ತಿರಬಹುದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಮೊದಲ ಆಟದ ಎಂಟು ಬಿಲ್ಲೆಗಳು ಸರಿಯಾಗಿ ಒಂದೇ ಬೈಟಿನಲ್ಲಿ ಕುಳಿತಿವೆ. ಒಂದೂ ಗೆಲ್ಲದಿದ್ದರೆ ಆ ಬೈಟಿನ ಬೆಲೆ 0. ಎಂಟೂ ಗೆದ್ದರೆ 255. ಆ ಒಂದು ಬೈಟನ್ನು ಉಳಿಸಿಕೊಳ್ಳಲು ಆಟದ ಡಬ್ಬಿಯೊಳಗೆ ಗುಂಡಿಯಾಕಾರದ ಲಿಥಿಯಂ ಕೋಶವೊಂದು ಸದಾ ದುಡಿಯುತ್ತಿರಬೇಕು. ಹದಿನೈದು, ಇಪ್ಪತ್ತು ವರ್ಷಗಳಾಗಿ ಕೋಶ ಬತ್ತಿದರೆ ಎಂಟು ಬಿಲ್ಲೆಗಳೂ ಒಂದೇ ಉಸಿರಿಗೆ ಸೊನ್ನೆ. ಹೀಗೆ ನೋಡಿದರೆ ತಂದೆತಾಯಿಗಳ ಸಿಟ್ಟು ಸರಿಯೆಂದೇ ತೋರುತ್ತದೆ.

ಆದರೆ ಆಟವನ್ನು ಕಟ್ಟಿದವರು ಬಿಲ್ಲೆಯನ್ನು ಬರಿಯ ಒಡವೆಯಾಗಿ ಇಟ್ಟಿಲ್ಲ, ಅದಕ್ಕೊಂದು ಕೆಲಸ ಹಚ್ಚಿದ್ದಾರೆ. ಕೆಲವು ಬಿಲ್ಲೆ ಪರವಾನಗಿಯಂತೆ. ಐದನೆಯದು ಇಲ್ಲದಿದ್ದರೆ ಪ್ರಾಣಿಯ ಬೆನ್ನೇರಿ ನೀರು ದಾಟುವಂತಿಲ್ಲ. ಇದಕ್ಕಿಂತ ಸ್ವಾರಸ್ಯದ ನಿಯಮ ಇನ್ನೊಂದಿದೆ. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಗೆಳೆಯರು ಪ್ರಾಣಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಹಾಗೆ ಬೇರೆಯವರಿಂದ ಬಂದ ಬಲಿಷ್ಠ ಪ್ರಾಣಿ ಹೊಸ ಒಡೆಯನ ಮಾತು ಕೇಳಬೇಕಾದರೆ ಅವನ ಬಳಿ ಬಿಲ್ಲೆ ಇರಲೇಬೇಕು. ಎರಡನೆಯ ಬಿಲ್ಲೆ ಇದ್ದರೆ 30ನೇ ಮಟ್ಟದವರೆಗಿನ ಪ್ರಾಣಿ ಕೇಳುತ್ತದೆ, ನಾಲ್ಕನೆಯದಿದ್ದರೆ 50ರವರೆಗಿನದು, ಆರನೆಯದಿದ್ದರೆ 70ರವರೆಗಿನದು. ಎಂಟೂ ಇದ್ದರೆ ಎಲ್ಲವೂ ಕೇಳುತ್ತವೆ. ಇಲ್ಲದಿದ್ದರೆ ಕಣದ ನಡುವೆಯೇ ಅದು ಮೈಮುರಿಯುತ್ತದೆ, ನಿದ್ದೆ ಹೋಗುತ್ತದೆ. ಆದರೆ ತಾನೇ ಹಿಡಿದು ಬೆಳೆಸಿದ ಪ್ರಾಣಿಗೆ ಆ ಆಟದಲ್ಲಿ ಯಾವ ಬಿಲ್ಲೆಯೂ ಬೇಡ. ಅದು ಮೊದಲ ದಿನದಿಂದಲೇ ಮಾತು ಕೇಳುತ್ತದೆ. 2022ರಲ್ಲಿ ಬಂದ ಆವೃತ್ತಿಯಲ್ಲಿ ನಿಯಮ ಕೊಂಚ ಬಿಗಿಯಾಗಿದ್ದರೂ, ಚಿಕ್ಕದಿದ್ದಾಗ ಹಿಡಿದು ಬೆಳೆಸಿದ್ದು ಎಷ್ಟು ದೊಡ್ಡದಾದರೂ ಕೈ ಬಿಡುವುದಿಲ್ಲ.

ಈ ನಿಯಮದ ಒಳಗುಟ್ಟನ್ನು ಔರಾದದ ಒಬ್ಬ ಮುತ್ಯಾ ಒಂದೇ ಮಾತಿನಲ್ಲಿ ಬಿಡಿಸಿದರು. ಅವರ ಮೊಮ್ಮಗ ಎಂಟನೆಯ ಇಯತ್ತೆಯವನು. ಹೈದರಾಬಾದಿನಲ್ಲಿರುವ ಸೋದರಮಾವನ ಮಗ ಕಾಲೇಜು ಸೇರಿದ ಮೇಲೆ ತನ್ನ ಹಳೆಯ ಅಂಗೈ ಯಂತ್ರವನ್ನು ಇವನಿಗೆ ಕೊಟ್ಟಿದ್ದ. ಅದರಲ್ಲಿದ್ದದ್ದು ಮೊದಲ ಆಟವನ್ನೇ ತಿದ್ದಿ 2004ರಲ್ಲಿ ತಂದ ಆವೃತ್ತಿ. ತೆರೆದು ನೋಡಿದರೆ ಎಂಟು ಬಿಲ್ಲೆಗಳೂ ಸಾಲಾಗಿ ಮಿನುಗುತ್ತಿದ್ದವು. ಹುಡುಗ ಶಾಲೆಯ ಗೆಳೆಯರಿಗೆಲ್ಲ ತೋರಿಸಿ ನಾಲ್ಕು ದಿನ ರಾಜನಂತೆ ತಿರುಗಿದ. ಐದನೆಯ ದಿನ ಒಬ್ಬ ಗೆಳೆಯ ಕೇಳಿದ: ‘ಮೂರನೇದ್ದು, ಆ ಕರೆಂಟಿನ ಉಸ್ತಾದಗ ಹ್ಯಾಂಗ ಸೋಲಿಸ್ದಿ?’

ಉತ್ತರ ಕಷ್ಟದ್ದಲ್ಲ. ಮೂರನೆಯ ಉಸ್ತಾದನ ಪ್ರಾಣಿಗಳು ವಿದ್ಯುತ್ತಿನವು, ನೆಲದ ಜಾತಿಯ ಪ್ರಾಣಿಗೆ ವಿದ್ಯುತ್ತು ತಾಕುವುದಿಲ್ಲ. ಮನೆಯ ಹಿಂದೆ ಗುಂಡಿ ತೋಡಿ, ಉಪ್ಪು ಇದ್ದಿಲು ಹಾಕಿ ಅರ್ಥಿಂಗ್ ಮಾಡಿಸುವ ವಿದ್ಯೆಯನ್ನೇ ಆಟ ತನ್ನ ರೀತಿಯಲ್ಲಿ ಬಳಸಿಕೊಂಡಿದೆ. ಆದರೆ ಹುಡುಗ ಆ ಉಸ್ತಾದನ ಮುಖವನ್ನೇ ಕಂಡಿರಲಿಲ್ಲ. ಏನು ಹೇಳಲೂ ತೋಚದೆ ಸುಮ್ಮನೆ ಮನೆಗೆ ಬಂದ.

ಅಂದು ಸಂಜೆ ಮುತ್ಯಾ ಅಂಗಳದಲ್ಲಿ ದನಕ್ಕೆ ಮೇವು ಹಾಕುತ್ತಿದ್ದರು. ಅವರ ಮನೆಯಲ್ಲಿರುವುದು ದೇವಣಿ ತಳಿ. ಗಡಿಯಾಚೆ ಲಾತೂರ ಜಿಲ್ಲೆಯ ದೇವಣಿಯಿಂದ ಹೆಸರು ಪಡೆದ ಈ ತಳಿ ಬೀದರದ ರೈತರ ಹೆಮ್ಮೆ. ಹಾಲಿಗೂ ಆದೀತು, ನೇಗಿಲಿಗೂ ಆದೀತು.

‘ಏನ್ ಮಾಡ್ಲತ್ತಿ ತಮ್ಮಾ, ಮಾರಿ ಯಾಕ ಸಣ್ಣ ಮಾಡಿ?’ ಎಂದರು ಮುತ್ಯಾ.

ಹುಡುಗ ಆಟವನ್ನು ಬಿಡಿಸಿ ಹೇಳಿದ. ‘ಬ್ಯಾರೇದವ್ರು ಸಾಕಿದ್ದು ಬಿಲ್ಲೆ ಇಲ್ದಿದ್ರ ಮಾತು ಕೇಳಂಗಿಲ್ಲ ಮುತ್ಯಾ. ನಾವೇ ಸಾಕಿದ್ದು ಹಂಗೇ ಕೇಳ್ತದ.’

‘ಇದರಾಗ ಹೊಸಾದೇನದ? ಸಂತ್ಯಾಗ ತಂದ ಎತ್ತು ಹಗ್ಗ ಹಿಡಿದ್ರೂ ಜಗ್ತದ. ಮನ್ಯಾಗ ಹುಟ್ಟಿದ ಕರ ಹೆಸರು ಹಿಡಿದು ಕರದ್ರ ಬಂದು ನಿಲ್ತದ’ ಎಂದರು ಮುತ್ಯಾ. ಸ್ವಲ್ಪ ತಡೆದು ಕೇಳಿದರು: ‘ಮತ್ತ ನಿನ್ನ ಹಂತ್ಯಾಕಿರೋ ಎಂಟು ಬಿಲ್ಲೆ ಯಾರು ಗೆದ್ದಿದ್ದು?’

ಆ ಆಟದಲ್ಲಿ ಒಂದು ಕಷ್ಟವಿದೆ. ಡಬ್ಬಿಯಲ್ಲಿ ಒಬ್ಬನ ಕಥೆಗೆ ಮಾತ್ರ ಜಾಗ. ಹೊಸದಾಗಿ ಆಡಿ ಅದನ್ನು ಉಳಿಸಿಕೊಳ್ಳಬೇಕಾದರೆ ಹಳೆಯ ಎಂಟು ಬಿಲ್ಲೆಗಳನ್ನು ಅಳಿಸಲೇಬೇಕು. ಅಳಿಸಿದರೆ ಮರಳಿ ಬರುವುದಿಲ್ಲ. ಹುಡುಗ ಎರಡು ದಿನ ಯಂತ್ರವನ್ನು ಮುಟ್ಟಲಿಲ್ಲ. ಮೂರನೆಯ ದಿನ ಸೋದರಮಾವನ ಮಗನಿಗೆ ಫೋನು ಮಾಡಿ ಅವನ ಒಪ್ಪಿಗೆ ಕೇಳಿದ. ಆಮೇಲೆ ಎಂಟನ್ನೂ ಅಳಿಸಿದ.

ಹೊಸ ಆಟದಲ್ಲಿ ಅವನು ಆರಿಸಿಕೊಂಡದ್ದು ಬೆಂಕಿ ಉಗುಳುವ ಮರಿಯನ್ನು, ನೋಡಲು ಜೋರಾಗಿತ್ತೆಂದು. ಮೊದಲ ತಾಲೀಮಿನಲ್ಲಿ ಇದ್ದದ್ದು ಬಂಡೆಯ ಪ್ರಾಣಿಗಳು. ಬಂಡೆಯ ಮುಂದೆ ಬೆಂಕಿಯ ಆಟ ಹೆಚ್ಚು ನಡೆಯುವುದಿಲ್ಲ. ಮೂರು ಸಲ ಸೋತ. ಸೋತ ಮೇಲೆ ಹಳೆಯ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಕೋಷ್ಟಕ ಬರೆಯತೊಡಗಿದ: ನೀರು ಬೆಂಕಿಯನ್ನು ಗೆಲ್ಲುತ್ತದೆ, ಬೆಂಕಿ ಎಲೆಯನ್ನು, ಎಲೆ ನೀರನ್ನು. ಯಾವುದು ಯಾವುದರ ಮೇಲೆ ನಡೆಯುವುದಿಲ್ಲ ಎಂಬುದನ್ನೂ ಬರೆದುಕೊಂಡ. ಕೊನೆಗೆ ಕಾಡಿಗೆ ಹೋಗಿ, ಎಲ್ಲರೂ ತಿರಸ್ಕರಿಸುವ ಹಸಿರು ಹುಳುವೊಂದನ್ನು ಹಿಡಿದ. ನಿಂಬೆಗಿಡದ ಎಲೆ ತಿನ್ನುವ ಹುಳು ಹೇಗೆ ಕೆಣಕಿದಾಗ ಕೆಂಪನೆಯ ಕೊಂಬು ಚಾಚಿ ವಾಸನೆ ಬಿಡುತ್ತದೆಯೋ, ಈ ಹುಳುವಿಗೂ ತಲೆಯ ಮೇಲೆ ಅಂಥದೇ ಕೆಂಪು ಕೊಂಬು. ಅದು ಕೋಶವಾಯಿತು. ಕೋಶವಾಗಿದ್ದಾಗ ಹೊರಗಿನ ಪೆಟ್ಟಿಗೆ ಮೈ ಗಟ್ಟಿ ಮಾಡಿಕೊಳ್ಳುವುದರ ಹೊರತು ಹೆಚ್ಚೇನೂ ಅದರ ಕೈಯಲ್ಲಾಗದು. ಆದರೂ ಸಾಕಿದ. ಕೋಶದಿಂದ ಚಿಟ್ಟೆ ಬಂತು. ಆ ಚಿಟ್ಟೆ ಕಲಿತ ಹೊಸ ವಿದ್ಯೆಯ ಮುಂದೆ ಬಂಡೆಗಳು ಉರುಳಿದವು. ಮೊದಲನೆಯ ಬಿಲ್ಲೆ ಬಂತು.

ಕಿರಾಣಿ ಅಂಗಡಿ ನಡೆಸುವ ತಂದೆ ಇದನ್ನೆಲ್ಲ ದೂರದಿಂದ ನೋಡುತ್ತಿದ್ದರು. ‘ಎಂಟು ಇದ್ದವು, ಈಗ ಒಂದದ. ಹಿಂದಕ್ಕ ಹೊಂಟೀಯಲ್ಲೋ?’ ಎಂದು ನಕ್ಕರು. ಅಂಗಡಿಯ ಲೆಕ್ಕದಲ್ಲಿ ಅದು ನಷ್ಟವೇ.

ಬಿಲ್ಲೆಯ ಎಣಿಕೆಯೇ ಬೇರೆ, ಬಲವೇ ಬೇರೆ ಎಂಬುದನ್ನು ಇದೇ ಹೆಸರಿನ ಕಾರ್ಟೂನು ಇನ್ನೂ ಚೆನ್ನಾಗಿ ತೋರಿಸಿತು. 1997ರಲ್ಲಿ ಜಪಾನಿನಲ್ಲಿ ಆರಂಭವಾದ ಅದು 2003ರಲ್ಲಿ ಭಾರತದ ಟಿ.ವಿ.ಗೆ ಬಂತು, ಅದನ್ನು ಹಿಂದಿಯಲ್ಲಿ ನೋಡಿ ಬೆಳೆದ ಎಷ್ಟೋ ಮಂದಿ ಇಂದು ತಾವೇ ತಂದೆತಾಯಿಗಳಾಗಿದ್ದಾರೆ. ಅದರ ನಾಯಕ ಆ್ಯಶ್ ಎಂಟು ಬಿಲ್ಲೆ ಸಂಪಾದಿಸಿದ ನಿಜ, ಎಲ್ಲವೂ ಕಣದಲ್ಲಿ ಗೆದ್ದವಲ್ಲ. ಒಂದನ್ನು ಎದುರಾಳಿ ಅವನ ಒಳ್ಳೆಯತನ ಮೆಚ್ಚಿ ಕೊಟ್ಟ. ಇನ್ನೊಂದು, ಬೆಂಕಿ ಬಿದ್ದ ಜಿಮ್ಮಿನಿಂದ ಪ್ರಾಣಿಯೊಂದನ್ನು ಉಳಿಸಿದ್ದಕ್ಕೆ ದೊರೆಯಿತು. ಆ ಗುಣಗಳು ದೊಡ್ಡವೇ. ಆದರೆ ದೊಡ್ಡ ಪಂದ್ಯದ ದಿನ ಬಂದಾಗ ಅವನ ಚಾರಿಝಾರ್ಡ್ ಎಂಬ ಬೆಂಕಿಯ ಪ್ರಾಣಿ ಕಣದ ನಡುವೆ ಮಲಗಿಬಿಟ್ಟಿತು. ಎಂಟು ಬಿಲ್ಲೆಗಳು ಜೇಬಿನಲ್ಲೇ ಇದ್ದವು, ಆ್ಯಶ್ ಸೋತ. ಅದೇ ಪ್ರಾಣಿ ಮುಂದೆ ಮಾತು ಕೇಳತೊಡಗಿದ್ದು ಹೊಸ ಬಿಲ್ಲೆಯಿಂದಲ್ಲ. ಅದು ಹಿಮದಲ್ಲಿ ಹೆಪ್ಪುಗಟ್ಟಿದ ರಾತ್ರಿ ಆ್ಯಶ್ ಬೆಳಗಿನವರೆಗೆ ಕೂತು ಅದರ ಮೈ ಉಜ್ಜಿ ಬದುಕಿಸಿದ್ದರಿಂದ.

ಈ ಮಾತು ಆಟಕ್ಕಷ್ಟೇ ಸೀಮಿತವಾಗಿದ್ದರೆ ಇಷ್ಟು ಉದ್ದ ಬರೆಯಬೇಕಾಗಿರಲಿಲ್ಲ. ಕರ್ನಾಟಕದ ಮಕ್ಕಳು ಎದೆಗೆ ಚುಚ್ಚಿಕೊಳ್ಳುವ ಅತಿ ದೊಡ್ಡ ಬಿಲ್ಲೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ. 2023ರಲ್ಲಿ ರಾಜ್ಯದಲ್ಲಿ ಉತ್ತೀರ್ಣರಾದವರು ಶೇಕಡಾ 83.89. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂದವು. ಹೆಚ್ಚಿನ ಕೃಪಾಂಕ ಕೊಟ್ಟ ಮೇಲೂ ಪ್ರಮಾಣ ಶೇಕಡಾ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಮಂಕಾಗುವುದಿಲ್ಲ. ಹಿಂದಿನ ಬಿಲ್ಲೆಗಳಲ್ಲಿ ಎಷ್ಟೋ ಬೇರೆಯವರು ಸಾಕಿದ ವಿದ್ಯೆಯವಾಗಿದ್ದವು ಎಂಬ ಅನುಮಾನವನ್ನು ಆ ಇಳಿಕೆ ಉಳಿಸಿ ಹೋಯಿತು. ಅಂಥ ಬಿಲ್ಲೆ ಕಾವಲುಗಾರನನ್ನು ದಾಟಿಸಬಹುದು. ಪಿ.ಯು.ಸಿ.ಯ ಭೌತಶಾಸ್ತ್ರ ಎದುರಾದ ದಿನ, ಡಿಪ್ಲೊಮಾದ ಮೊದಲ ಲ್ಯಾಬಿನಲ್ಲಿ ತಂತಿ ಜೋಡಿಸಬೇಕಾದ ದಿನ, ಕಲಿತದ್ದೆಂದುಕೊಂಡ ವಿದ್ಯೆ ಕಣದಲ್ಲಿ ಮಲಗಿಬಿಡುತ್ತದೆ.

ಇದರಲ್ಲಿ ಮಕ್ಕಳದಷ್ಟೇ ತಪ್ಪಿಲ್ಲ. ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ‘ಎಷ್ಟು?’ ಎಂಬುದು. ‘ಎಷ್ಟು’ ಎಂದು ಕೇಳುವ ಮನೆಗೆ ಮಗು ಹೇಗಾದರೂ ಮಾಡಿ ಸಂಖ್ಯೆಯನ್ನು ತಂದುಕೊಡುತ್ತದೆ.

ಔರಾದದ ಆ ಮನೆಯಲ್ಲಿ ಈ ಪ್ರಶ್ನೆಗೆ ಪರೀಕ್ಷೆಯ ದಿನ ಬಂದದ್ದು ದಸರಾ ರಜೆಗೆ ಮುಂಚೆ. ವಿಜ್ಞಾನದ ಕಿರುಪರೀಕ್ಷೆಯಲ್ಲಿ ಹುಡುಗನಿಗೆ 25ಕ್ಕೆ 14 ಬಂತು. ಹಿಂದಿನ ಸಲ 21 ಬಂದಿತ್ತು. ತಂದೆಯ ಮುಖ ಕೆಂಪಾಯಿತು, ಯಂತ್ರವನ್ನು ಕಸಿದು ಬೀರುವಿನಲ್ಲಿ ಇಡಲು ಕೈ ಚಾಚಿದರು. ಹುಡುಗ ತಲೆ ತಗ್ಗಿಸಿ ಹೇಳಿದ: ‘ಹೋದ ಸಲದ್ದು ಬಾಜೂಕಿನವಂದು ನೋಡಿ ಬರ್ದಿದ್ದೆ ಅಪ್ಪಾ. ಇದು ನಂದು.’

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಉತ್ತರಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಹೋದ ಹನ್ನೊಂದು ಅಂಕ ಎಲ್ಲಿ ಹೋದವೆಂದು ಮಗನ ಜೊತೆ ಕೂತು ಹುಡುಕಿದರು. ಆಟಕ್ಕೂ ಒಂದು ಕಟ್ಟಳೆ ಆಯಿತು: ಭಾನುವಾರ ಒಂದು ತಾಸು, ಮಿಕ್ಕ ದಿನ ಇಲ್ಲ. ಹುಡುಗ ಒಪ್ಪಿದ.

ಈಗ ಅವನ ಯಂತ್ರದಲ್ಲಿ ಬಿಲ್ಲೆಗಳು ಎರಡು. ಹಿಂದೆ ಎಂಟು ಇದ್ದಾಗ ಯಾರಾದರೂ ಕೇಳಿದರೆ ಮಾತು ಹೊರಡುತ್ತಿರಲಿಲ್ಲ. ಈಗ ಆ ಎರಡರಲ್ಲಿ ಮೊದಲನೆಯದರ ಕಥೆ ಕೇಳಿದರೆ ಸಾಕು, ಹುಳುವಿನಿಂದ ಹಿಡಿದು ಚಿಟ್ಟೆಯವರೆಗೆ ಅರ್ಧ ತಾಸು ಹೇಳುತ್ತಾನೆ.